ಅರುಣಗಿರಿಯ ಗುಹೆಗಳಲ್ಲಿ ಕನ್ನಡ ಶರಣರ ಜಾಡು

ಹುಣ್ಣಿಮೆ ಬಂತೆಂದರೆ ಕನ್ನಡ ನಾಡಿನ ಅನೇಕ ಊರುಗಳಿಂದ ಭಕ್ತರು ತಮಿಳುನಾಡಿನ ತಿರುವಣ್ಣಾಮಲೆಗೆ ಹೊರಡುತ್ತಾರೆ. ಬೆಂಗಳೂರಿನಿಂದ ಹೊಸೂರು, ಕೃಷ್ಣಗಿರಿ, ಚೆಂಗಂ ಮಾರ್ಗವಾಗಿ ಸುಮಾರು 200 ಕಿಲೋಮೀಟರು ಸಾಗಿದರೆ ಅರುಣಾಚಲದ ಬುಡ ಸಿಗುತ್ತದೆ. ಇರುಳೆಲ್ಲ 14 ಕಿಲೋಮೀಟರುಗಳ ಗಿರಿಪ್ರದಕ್ಷಿಣೆ ಮಾಡಿ, ದಾರಿಯಲ್ಲಿ ಇಂದ್ರಲಿಂಗದಿಂದ ಈಶಾನ್ಯಲಿಂಗದವರೆಗಿನ ಅಷ್ಟಲಿಂಗಗಳಿಗೆ ಕೈಮುಗಿದು, ಬೆಳಗಾಗುತ್ತಲೇ ಊರಿಗೆ ಮರಳುವ ಈ ಯಾತ್ರಿಕರಲ್ಲಿ ಇಷ್ಟಲಿಂಗಧಾರಿಗಳೂ ಬಹುಮಂದಿ ಇದ್ದಾರೆ. ಆದರೆ ತಾವು ಸುತ್ತಿದ ಬೆಟ್ಟದ ಮೈಮೇಲೆಯೇ, ಆ ಹೆದ್ದಾರಿಯಿಂದ ಕೊಂಚ ಮೇಲಕ್ಕೆ, ಇಷ್ಟಲಿಂಗವನ್ನು ಎದೆಯ ಮೇಲೆ ಧರಿಸಿ ಬಂದ ಹಿರಿಯರು ಶತಮಾನಗಳ ಹಿಂದೆ ವಾಸಿಸಿ ಲಿಂಗೈಕ್ಯರಾದ ಗುಹೆಗಳಿವೆ ಎಂಬ ಸಂಗತಿ ಅವರಲ್ಲಿ ಹೆಚ್ಚಿನವರ ಕಿವಿಗೆ ಬಿದ್ದಿರುವುದಿಲ್ಲ.

ಆ ಗುಹೆಗಳನ್ನು ಕಾಣಲು ದೊಡ್ಡ ಪ್ರದಕ್ಷಿಣೆಯಷ್ಟು ಶ್ರಮ ಬೇಕಿಲ್ಲ. ಊರಿನ ನೈರುತ್ಯಕ್ಕೆ ಚೆಂಗಂ ರಸ್ತೆಯಲ್ಲಿರುವ ರಮಣಾಶ್ರಮದ ಹಿಂಬದಿಯಿಂದ ಕಲ್ಲು ಹಾಸಿದ ಕಾಲುದಾರಿಯೊಂದು ಬೆಟ್ಟವನ್ನೇರುತ್ತದೆ. ಮುಕ್ಕಾಲು ಗಂಟೆಯ ನಡಿಗೆಗೆ ಸ್ಕಂದಾಶ್ರಮ. ಅಲ್ಲಿಂದ ಕಡಿದಾದ ಮೆಟ್ಟಿಲುಗಳನ್ನಿಳಿದರೆ ವಿರೂಪಾಕ್ಷ ಗುಹೆ. ಇನ್ನೂ ಕೆಳಗೆ ಗುಹೈ ನಮಶ್ಶಿವಾಯರ ಗುಹೆ. ಅನಂತರ ಅರುಣಾಚಲೇಶ್ವರ ದೇವಾಲಯದ ಪಶ್ಚಿಮಕ್ಕಿರುವ ಪೇಯ್ ಗೋಪುರದ ಬೀದಿ. ಅಲ್ಲಿಂದ ಊರೊಳಗಿನ ರಸ್ತೆಯಲ್ಲಿ ಎರಡು ಕಿಲೋಮೀಟರು ನಡೆದರೆ ಹೊರಟ ಜಾಗವೇ ಬರುತ್ತದೆ. ಎಲ್ಲ ಸೇರಿ ಐದು ಕಿಲೋಮೀಟರುಗಳ ಆಸುಪಾಸು. ವಯಸ್ಸಾದವರು ಅಲ್ಲಲ್ಲಿ ಕುಳಿತು ದಣಿವಾರಿಸಿಕೊಂಡರೂ ಅರ್ಧ ದಿನದಲ್ಲಿ ಮುಗಿಯುವ ಸುತ್ತು ಇದು. ಬಿಸಿಲೇರುವ ಮುನ್ನ ಹೊರಡುವುದು ಒಳಿತು. ಬಂಡೆ ಕಾದ ಮೇಲೆ ಬರಿಗಾಲಿನವರ ಪಾಡು ಹೇಳತೀರದು. ಇದು ಶಿಖರವನ್ನು ಸುತ್ತುವ ಶಾಸ್ತ್ರೋಕ್ತ ಪ್ರದಕ್ಷಿಣೆಯಲ್ಲ. ಇದರಿಂದ ಯಾವ ಫಲ ಬರುವುದೆಂದು ಪುರಾಣಗಳೂ ಹೇಳಿಲ್ಲ. ಆದರೂ ಕನ್ನಡದ ಶರಣಪರಂಪರೆಯ ಇತಿಹಾಸವನ್ನು ಅರಿಯಬಯಸುವವರಿಗೆ ಈ ಸಣ್ಣ ಸುತ್ತು ದೊಡ್ಡ ಸುತ್ತಿಗಿಂತ ಹೆಚ್ಚಿನದನ್ನು ತೋರಬಲ್ಲುದು.

ಏರುದಾರಿಯ ಎರಡು ಬದಿಗೂ ಈಗ ಮರಗಿಡಗಳ ನೆರಳಿದೆ. ಹಿಂದಿನ ಛಾಯಾಚಿತ್ರಗಳಲ್ಲಿ ಈ ಬೆಟ್ಟ ಬಹುಪಾಲು ಬೋಳುಬಂಡೆ. ಇಂದಿನ ಹಸಿರು ಹಲವರು ವರ್ಷಾನುಗಟ್ಟಲೆ ಸಸಿ ನೆಟ್ಟು, ಕಾಡುಗಿಚ್ಚನ್ನು ತಡೆದು ಉಳಿಸಿಕೊಂಡದ್ದು. ಹಾಗೆಂದು ಬೆಟ್ಟ ನಿಶ್ಚಿಂತವಾಗಿಲ್ಲ. 2024ರ ಡಿಸೆಂಬರ್ 1ರಂದು ಫೆಂಗಲ್ ಚಂಡಮಾರುತದ ಮಳೆಗೆ ಇಳಿಜಾರು ಕುಸಿದು, ಬುಡದಲ್ಲಿದ್ದ ಮನೆಯ ಮೇಲೆ ಬಂಡೆ ಮಣ್ಣು ಉರುಳಿ ಏಳು ಜನ ಸತ್ತರು. ಅವರಲ್ಲಿ ಐವರು ಮಕ್ಕಳು. ಆ ವರ್ಷದ ಕಾರ್ತಿಕ ದೀಪದಂದು ಭಕ್ತರಿಗೆ ಶಿಖರವೇರಲು ಅನುಮತಿ ಸಿಗಲಿಲ್ಲ. ಪಂಚಭೂತ ಸ್ಥಳಗಳಲ್ಲಿ ಅಗ್ನಿಯ ಕ್ಷೇತ್ರವೆನಿಸಿದ ಈ ಗಿರಿಗೆ ನೀರಿನಿಂದ ಒದಗಿದ ಆಘಾತವದು.

ಸ್ಕಂದಾಶ್ರಮದ ಅಂಚಿನಲ್ಲಿ ನಿಂತರೆ ಅರುಣಾಚಲೇಶ್ವರ ದೇವಾಲಯ ತನ್ನ ಒಂಬತ್ತು ಗೋಪುರಗಳೊಂದಿಗೆ ಅಂಗೈಯ ಮೇಲಿಟ್ಟಂತೆ ಕಾಣುತ್ತದೆ. ಶ್ರೀ ರಮಣ ಮಹರ್ಷಿಗಳು 1916ರಿಂದ 1922ರವರೆಗೆ ನೆಲೆಸಿದ್ದು ಇಲ್ಲಿ. ಅವರ ತಾಯಿ ಅಳಗಮ್ಮನವರು 1922ರ ಮೇ 19ರಂದು ದೇಹ ಬಿಟ್ಟದ್ದೂ ಇಲ್ಲಿಯೇ. ಕಂದಸ್ವಾಮಿಯೆಂಬ ಭಕ್ತ ಕಟ್ಟಿದ ಕಾರಣ ಇದಕ್ಕೆ ಸ್ಕಂದಾಶ್ರಮವೆಂದು ಹೆಸರಾಯಿತು. ಈ ಚರಿತ್ರೆ ಸುಪ್ರಸಿದ್ಧ. ಅನೇಕ ಗ್ರಂಥಗಳಲ್ಲಿ ವಿವರವಾಗಿ ದೊರೆಯುತ್ತದೆ. ಕನ್ನಡ ಭಕ್ತರು ಹೆಚ್ಚು ಹೊತ್ತು ಕೂರಬೇಕಾದದ್ದು ಇದರ ಕೆಳಗಿನ ಗುಹೆಯಲ್ಲಿ.

ವಿರೂಪಾಕ್ಷ ಗುಹೆ ಪ್ರಣವಾಕಾರದಲ್ಲಿದೆ ಎಂಬ ನಂಬಿಕೆಯುಂಟು. ಒಳಗೆ ಬೆಳಕು ಕಡಿಮೆ, ಗಾಳಿಯೂ ಕಡಿಮೆ. ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ ಎದುರಿಗೊಂದು ದಿಬ್ಬ ಕಾಣುತ್ತದೆ. ಅದು ವಿರೂಪಾಕ್ಷ ದೇವರ ಸಮಾಧಿ. ಅವರು ಯೋಗನಿಷ್ಠೆಯಲ್ಲಿದ್ದಂತೆಯೇ ಅವರ ದೇಹವು ವಿಭೂತಿಯಾಗಿ ಮಾರ್ಪಟ್ಟಿತೆಂದೂ, ಆ ವಿಭೂತಿಯೇ ಈ ದಿಬ್ಬವೆಂದೂ ಐತಿಹ್ಯ. ಇದನ್ನು ಪವಾಡವೆಂದು ಕೈಮುಗಿದು ಮುಂದಕ್ಕೆ ಹೋಗುವವರು ಒಂದು ಸೂಕ್ಷ್ಮವನ್ನು ಗಮನಿಸಬೇಕು. ವೀರಶೈವರಲ್ಲಿ ದೇಹಕ್ಕೆ ಬೆಂಕಿಯ ಸಂಸ್ಕಾರವಿಲ್ಲ; ಅಂಗೈಯಲ್ಲಿ ಇಷ್ಟಲಿಂಗವಿರಿಸಿ, ಕುಳಿತ ಭಂಗಿಯಲ್ಲೇ ಕ್ರಿಯಾಸಮಾಧಿ ಮಾಡುವುದು ಆಚಾರ. ಬೆಂಕಿಯ ಕ್ಷೇತ್ರದಲ್ಲಿ, ಬೆಂಕಿ ಸೋಕದೆ, ಕುಳಿತಲ್ಲಿಯೇ ದೇಹವು ಭಸ್ಮವಾಯಿತೆಂದು ತಮಿಳು ನೆಲದ ಜನ ಹೇಳಿಕೊಂಡು ಬಂದ ಈ ಕಥೆಯೊಳಗೆ, ಮಡಿದವನು ಯಾವ ಆಚಾರದವನೆಂಬ ನೆನಪು ಅಡಗಿ ಉಳಿದಿದೆ.

ಇಲ್ಲಿ ಕಾಲದ ಪ್ರಶ್ನೆ ಏಳುತ್ತದೆ. ಮಹರ್ಷಿಗಳ ಚರಿತ್ರೆಯನ್ನು ಬರೆದ ಆರ್ಥರ್ ಆಸ್ಬಾರ್ನ್ ಅವರು ವಿರೂಪಾಕ್ಷ ದೇವರನ್ನು ಬಹುಶಃ 13ನೆಯ ಶತಮಾನದವರೆಂದು ಗುರುತಿಸಿದರು. ಅನಂತರದ ಅನೇಕ ಪುಸ್ತಕಗಳು ಅದನ್ನೇ ಪುನರುಚ್ಚರಿಸಿವೆ. 13ನೆಯ ಶತಮಾನವೆಂದೊಡನೆ ಕನ್ನಡಿಗನ ಮನಸ್ಸು ಕಲ್ಯಾಣದತ್ತ ಹರಿಯುವುದು ಸಹಜ. 1167-68ರ ಸುಮಾರಿನಲ್ಲಿ ಕಲ್ಯಾಣ ಕದಡಿ, ಶರಣರು ದಿಕ್ಕುದಿಕ್ಕಿಗೆ ಚದುರಿದರಲ್ಲವೇ, ಅವರ ಶಿಷ್ಯಕೋಟಿಯಲ್ಲೊಬ್ಬರು ಅರುಣಾಚಲವನ್ನು ಸೇರಿರಬಾರದೇಕೆ, ಎಂದು ಕೇಳುವವರಿದ್ದಾರೆ. ಕೇಳಲು ಇಂಪಾದ ಊಹೆ. ಆದರೆ ಚದುರಿದ ಶರಣರ ನೆಲೆಗಳೆಂದು ಪರಂಪರೆ ಎತ್ತಿ ಹೇಳುವುದು ಉಳವಿ, ಶ್ರೀಶೈಲದಂತಹ ಹೆಸರುಗಳನ್ನು. ಆ ಸಾಲಿನಲ್ಲಿ ಅರುಣಾಚಲವನ್ನು ಸೇರಿಸಲು ಆಧಾರ ಬೇಕು. ಅದಕ್ಕೂ ಮಿಗಿಲಾಗಿ, ತಮಿಳು ಪರಂಪರೆಯೇ ವಿರೂಪಾಕ್ಷ ದೇವರನ್ನು ಗುಹೈ ನಮಶ್ಶಿವಾಯರ ಜೊತೆಗಾರರೆಂದು ಹೇಳುತ್ತದೆ. ಇಬ್ಬರೂ ಶ್ರೀಶೈಲದಲ್ಲಿ ಶಿವಾನಂದ ದೇಶಿಕರೆಂಬ ಗುರುವಿನ ಶಿಷ್ಯರು. ಅರುಣಾಚಲಕ್ಕೆ ಬಾ ಎಂದು ಕನಸಿನಲ್ಲಿ ಶಿವನ ಅಪ್ಪಣೆಯಾಗಲು ಪರಿವಾರದೊಡನೆ ಹೊರಟು ಬಂದವರು. ಗುಹೈ ನಮಶ್ಶಿವಾಯರನ್ನು 16ನೆಯ ಶತಮಾನದ ಸುಮಾರಿಗೆ ಇರಿಸುತ್ತಾರೆ. ಒಬ್ಬ ಗುರುವಿನ ಇಬ್ಬರು ಶಿಷ್ಯರ ನಡುವೆ ಮುನ್ನೂರು ವರ್ಷಗಳ ಅಂತರವಿರಲಾರದು. ಎರಡರಲ್ಲಿ ಒಂದನ್ನು ಕೈಬಿಡಬೇಕಾದರೆ ಬಿಡಬೇಕಾದದ್ದು 13ನೆಯ ಶತಮಾನವನ್ನು.

ಹಾಗೆ ಬಿಟ್ಟರೆ ಕಲ್ಯಾಣದ ನೇರ ನಂಟು ಕಳೆದುಹೋಯಿತೆಂದು ಭಕ್ತರು ಮನನೊಂದುಕೊಳ್ಳಬೇಕಿಲ್ಲ. ಬದಲಿಗೆ ದೊರೆಯುವ ಕಾಲಘಟ್ಟವೂ ನಮ್ಮದೇ. ಪ್ರೌಢದೇವರಾಯನು ಆಳಿದ 1424ರಿಂದ 1446ರ ಅವಧಿಯಲ್ಲಿ ವಿಜಯನಗರದಲ್ಲಿ ನೂರೊಂದು ವಿರಕ್ತರ ಪರಂಪರೆ ಪ್ರಬಲವಾಯಿತು. ಲಕ್ಕಣ್ಣ ದಂಡೇಶನು ಶಿವತತ್ತ್ವ ಚಿಂತಾಮಣಿಯನ್ನು, ಚಾಮರಸನು ಪ್ರಭುಲಿಂಗಲೀಲೆಯನ್ನು ರಚಿಸಿದರು. ವಚನಗಳ ಸಂಗ್ರಹ, ಸಂಪಾದನೆ, ವ್ಯಾಖ್ಯಾನಗಳು ಮೊದಲಾದವು. ಆ ಚೈತನ್ಯ ರಾಜಧಾನಿಯಲ್ಲಿಯೇ ನಿಲ್ಲದೆ ವಿಜಯನಗರದ ಆಳ್ವಿಕೆ ಹಬ್ಬಿದ ತೆಲುಗು, ತಮಿಳು ಸೀಮೆಗಳಿಗೂ ಹರಿಯಿತು. ಶ್ರೀಶೈಲದಿಂದ ದಕ್ಷಿಣಕ್ಕೆ ಹೊರಟ ಈ ಜಂಗಮರ ತಂಡವನ್ನು ಓಡಿಹೋಗಿ ಅಡಗಿದವರೆಂದು ಕಾಣುವುದಕ್ಕಿಂತ, ಹೊಸ ನೆಲವನ್ನರಸಿ ನಡೆದವರೆಂದು ಕಾಣುವುದು ಇತಿಹಾಸಕ್ಕೆ ಹತ್ತಿರ.

ಇದೇ ವಿರೂಪಾಕ್ಷ ಗುಹೆಯಲ್ಲಿ 1899ರಿಂದ 1916ರವರೆಗೆ ಶ್ರೀ ರಮಣರು ವಾಸವಾಗಿದ್ದರು. ಬೇಸಿಗೆಯಲ್ಲಿ ನೀರಿಲ್ಲದಾದಾಗ ಸಮೀಪದ ಮಾವಿನಮರದ ಗುಹೆಗೆ ಹೋಗುತ್ತಿದ್ದರು. 1907ರ ನವೆಂಬರ್ 18ರಂದು ಕಾವ್ಯಕಂಠ ಗಣಪತಿ ಮುನಿಗಳು ಅವರ ಉಪದೇಶ ಪಡೆದು, ರಮಣ ಮಹರ್ಷಿ ಎಂಬ ಹೆಸರನ್ನು ಸಾರಿದ್ದೂ ಈ ಗುಹೆಯ ಕಾಲದಲ್ಲಿಯೇ. ಆ ದಿನಗಳ ಒಂದು ಪ್ರಸಂಗವನ್ನು ಮಠಮಾನ್ಯಗಳ ಭಕ್ತರು ವಿಶೇಷವಾಗಿ ತಿಳಿಯಬೇಕು. ಗುಹೆಯ ಹಕ್ಕು ಊರೊಳಗಿನ ವಿರೂಪಾಕ್ಷ ಮಠಕ್ಕೆ ಸೇರಿತ್ತು. ಕಾರ್ತಿಕ ದೀಪದ ಸಮಯದಲ್ಲಿ ಜನ ಗುಂಪುಗುಂಪಾಗಿ ಬರುತ್ತಿದ್ದುದರಿಂದ ಮಠದವರು ಒಳಗೆ ಹೋಗುವವರಿಂದ ಕಾಸು ವಸೂಲಿ ಮಾಡುತ್ತಿದ್ದರು. ರಮಣರ ದರ್ಶನಕ್ಕೆ ಬಂದ ಬಡವರೂ ಕಾಸು ಕೊಡಬೇಕಾಯಿತು. ಅದನ್ನೊಪ್ಪದ ಅವರು ಗುಹೆಯನ್ನು ಬಿಟ್ಟು ಹೊರಗಿನ ಮರದಡಿಯಲ್ಲಿ ಕುಳಿತರು. ಸುಂಕದವರು ಅಲ್ಲಿಗೂ ತಮ್ಮ ಎಲ್ಲೆಯನ್ನು ವಿಸ್ತರಿಸಲು, ಅದನ್ನೂ ಬಿಟ್ಟು ಕೆಳಗಿನ ಬೇರೆ ಗುಹೆಗಳಿಗೆ ಹೋದರು. ಕುಳಿತವರು ಎದ್ದುಹೋದ ಮೇಲೆ ಬರಿಯ ಗುಹೆಗೆ ಕಾಸು ಕೊಡುವವರಾರು? ಕೊನೆಗೆ ಮಠದವರೇ ಬಂದು, ಅವರಿರುವವರೆಗೂ ಸುಂಕವೆತ್ತುವುದಿಲ್ಲವೆಂದು ಬೇಡಿಕೊಂಡು ಹಿಂದಕ್ಕೆ ಕರೆತಂದರು. ವಿಭೂತಿಯಾದ ಶರಣನ ಸಮಾಧಿಗೆ ಟಿಕೆಟು ಹಚ್ಚಿದವರು ಆ ಶರಣನ ಹೆಸರಿನ ಮಠದವರೇ ಎಂಬುದನ್ನು ಮರೆಮಾಚಿ ಇತಿಹಾಸ ಬರೆಯುವುದು ಸಲ್ಲದು.

ಇನ್ನೂ ಕೆಳಗಿಳಿದರೆ ಗುಹೈ ನಮಶ್ಶಿವಾಯರ ಸ್ಥಾನ. ಗುಹೆಯಲ್ಲಿ ವಾಸಿಸಿದ್ದರಿಂದ ಅವರಿಗೆ ಆ ಹೆಸರು. ಕನ್ನಡ ನಾಡಿನ ಲಿಂಗವಂತ ಮನೆತನದವರೆಂದು ಪರಂಪರೆಯ ಮಾತು. ಅವರನ್ನು ಕುರಿತ ಕಥೆಗಳು ಹಲವಿದ್ದರೂ ಅವುಗಳಲ್ಲೊಂದು ಬಹಳ ಮುಖ್ಯವಾದುದು. ಇಷ್ಟಲಿಂಗನಿಷ್ಠರಾದ ಅವರು ದೇವಾಲಯದ ಬಳಿಗೆ ಬಂದರೂ ಅಲ್ಲಿನ ಸ್ಥಾವರಲಿಂಗಕ್ಕೆ ಅಡ್ಡಬೀಳುತ್ತಿರಲಿಲ್ಲವಂತೆ. ನೆಂಟನ ಮನೆಯ ಬಾಗಿಲಿಗೆ ಬಂದವರ ಹಾಗೆ ಶಿವನನ್ನು ಹೊಗಳಿ, ಮಾತನಾಡಿಸಿ ಹೊರಟುಬಿಡುತ್ತಿದ್ದರಂತೆ. ಇದನ್ನು ಕಂಡು ಸಿಟ್ಟಾದ ಯೋಗಿಯೊಬ್ಬ ಬೆತ್ತದಿಂದ ಹೊಡೆದನು. ಪೆಟ್ಟು ತಿಂದ ಮೇಲೆ ಅವರ ಬಾಯಿಂದ ಅರುಣಗಿರಿಯ ಸ್ತುತಿ ಹೊಮ್ಮಿತೆಂದು ಕಥೆ ಮುಗಿಯುತ್ತದೆ.

ಈ ಕಥೆಯನ್ನು ಎರಡು ಬಗೆಯಾಗಿ ಓದಬಹುದು. ಲಿಂಗವಂತನ ಗರ್ವಭಂಗವಾಗಿ ಅವನು ಆಲಯದ ದಾರಿಗೆ ಬಂದನೆಂದು ದೇವಾಲಯದ ಕಡೆಯವರು ಓದಿಯಾರು. ಹಾಗೆ ಓದಿದರೆ, ಅವರು ಉಳಿದ ಬಾಳನ್ನು ಕಳೆದದ್ದು ಗುಡಿಯ ಪೌಳಿಯಲ್ಲಲ್ಲ, ಬೆಟ್ಟದ ಬಂಡೆಯಡಿಯಲ್ಲಿ ಎಂಬುದಕ್ಕೆ ಉತ್ತರ ಸಿಗದು. ಸ್ಥಾವರ ಜಂಗಮಗಳ ಭೇದವನ್ನು ಬಾಲ್ಯದಿಂದ ಕೇಳುತ್ತ ಬೆಳೆದವನೊಬ್ಬನು, ಬೆಟ್ಟವೇ ಲಿಂಗವೆಂದು ನಂಬಿದ ಊರಿಗೆ ಬಂದಾಗ ಅವನ ಮುಂದೆ ನಿಲ್ಲುವ ಪ್ರಶ್ನೆ ಸಾಮಾನ್ಯವಾದುದಲ್ಲ. ಅಂಗೈಯ ಲಿಂಗವನ್ನು ಬಿಟ್ಟು ಬೆಟ್ಟವನ್ನು ಪೂಜಿಸಿದರೆ ನಿಷ್ಠೆ ಕೆಡುತ್ತದೆ. ಬೆಟ್ಟವನ್ನು ಬರಿಯ ಕಲ್ಲೆಂದರೆ ಬಂದ ಅಪ್ಪಣೆಯೇ ಸುಳ್ಳಾಗುತ್ತದೆ. ನಮಶ್ಶಿವಾಯರು ಬೆಟ್ಟದ ಒಡಲೊಳಗೆ ಹೊಕ್ಕು ಕುಳಿತರು. ಹೊರಗೆ ನಿಂತು ಅಡ್ಡಬೀಳಬೇಕಾದ ಲಿಂಗದ ಒಳಗೇ ವಾಸವಾದವನಿಗೆ ಪೂಜಿಸುವವನು, ಪೂಜೆಗೊಳ್ಳುವವನು ಎಂಬ ಅಂತರ ಎಲ್ಲಿ ಉಳಿದೀತು? ಹುಣ್ಣಿಮೆಯ ಪ್ರದಕ್ಷಿಣೆಗೆ ಹೋಗಬಹುದೇ ಎಂದು ಇಂದಿಗೂ ಕೇಳುವ ಲಿಂಗಾಯತ ಭಕ್ತರಿದ್ದಾರೆ, ಹೋಗಕೂಡದೆಂದು ವಾದಿಸುವವರೂ ಇದ್ದಾರೆ. ವಾದದ ಎರಡೂ ಪಕ್ಷದವರು ಈ ಗುಹೆಯಲ್ಲೊಮ್ಮೆ ಕುಳಿತು ಮುಂದಿನ ಮಾತನಾಡಿದರೆ ಚೆನ್ನು.

ಇನ್ನೊಂದು ಕಥೆಯಲ್ಲಿ ಊರ ಪುಂಡರು ಬದುಕಿರುವ ಗೆಳೆಯನನ್ನು ಚಟ್ಟದ ಮೇಲೆ ಮಲಗಿಸಿ ತಂದು, ಇವನನ್ನು ಬದುಕಿಸಿರೆಂದು ಹುಸಿಯಾಗಿ ಅಳುತ್ತಾರೆ. ಸತ್ತವನು ಸತ್ತನೆಂದು ನಮಶ್ಶಿವಾಯರು ನುಡಿಯಲು ಅವನು ನಿಜವಾಗಿ ಸತ್ತಿರುತ್ತಾನೆ. ನೊಂದು ಕೆರಳಿದ ಅವರು ಈ ಊರು ಹಾಳಾಗಲೆಂದು ಶಪಿಸಿ ಪದ್ಯ ಹಾಡತೊಡಗಿದಾಗ, ನಾನೂ ಈ ಊರಿನಲ್ಲಿಯೇ ಇದ್ದೇನಲ್ಲ ಎಂದು ಶಿವನ ದನಿ ಕೇಳಿಸುತ್ತದೆ. ಪದ್ಯದ ಕೊನೆಯನ್ನು ಹರಕೆಯಾಗಿ ತಿರುಗಿಸಿ ಮುಗಿಸುತ್ತಾರೆ. ಪರಸ್ಥಳದಿಂದ ಬಂದವನು ಅಲ್ಲಿಯವರ ಅಣಕವನ್ನು ನುಂಗಿ, ಆ ಊರನ್ನು ತನ್ನದೆಂದು ಒಪ್ಪಿಕೊಂಡ ಗಳಿಗೆಯದು.

ಅವರ ಶಿಷ್ಯ ಗುರು ನಮಶ್ಶಿವಾಯರು. ತಿರುವಣ್ಣಾಮಲೆಯಲ್ಲಿ ಕುಳಿತೇ ಶಿಷ್ಯನು ಚಿದಂಬರದ ಗುಡಿಯಲ್ಲಿ ಪರದೆಗೆ ಹೊತ್ತಿದ ಬೆಂಕಿಯನ್ನು ತನ್ನ ಬಟ್ಟೆಯನ್ನು ಉಜ್ಜಿ ನಂದಿಸಿದನೆಂದು ಐತಿಹ್ಯ. ಒಂದೇ ಕಂಬಕ್ಕೆ ಎರಡು ಆನೆಗಳನ್ನು ಕಟ್ಟಲಾಗದೆಂದು ಗುರು ಅವನನ್ನು ಚಿದಂಬರಕ್ಕೆ ಕಳುಹಿಸಿಕೊಟ್ಟರು. ಹೀಗೆ ಶ್ರೀಶೈಲದಿಂದ ಹೊರಟ ಧಾರೆ ಅರುಣಾಚಲವನ್ನು ಹಾಯ್ದು ಚಿದಂಬರವನ್ನು ಮುಟ್ಟಿತು.

ಗುಹೈ ನಮಶ್ಶಿವಾಯರ ಪ್ರಸಿದ್ಧ ಕೃತಿ ಅರುಣಗಿರಿ ಅಂತಾದಿ. ಒಂದು ಪದ್ಯದ ಕೊನೆಯ ಪದವೇ ಮುಂದಿನ ಪದ್ಯದ ಮೊದಲಾಗಿ, ಹೊರಟಲ್ಲಿಗೇ ಬಂದು ಸೇರುವ ಬಂಧಕ್ಕೆ ಅಂತಾದಿಯೆಂದು ಹೆಸರು. ಬೆಟ್ಟವನ್ನು ಸುತ್ತುವವನಿಗೆ ತಕ್ಕ ಬಂಧ. ಆದರೆ ಅದು ತಮಿಳಿನಲ್ಲಿದೆ. ಕನ್ನಡ ನಾಡಿನ ಮನೆತನದಿಂದ ಬಂದ ಈ ಅನುಭಾವಿಯ ಹೆಸರು ತಮಿಳು ಸಾಹಿತ್ಯಚರಿತ್ರೆಗೆ ಸೇರಿತು. ವಚನಕಾರರ ನಂತರದ ಕಾಲದ ನಮ್ಮ ಪಟ್ಟಿಗಳಲ್ಲಿ ಅವರಿಗೆ ಜಾಗ ಸಿಗಲಿಲ್ಲ. ದೂರದ ಊರಿಗೆ ಮಗಳನ್ನು ಕೊಟ್ಟ ತವರಿನವರು ಮೊಮ್ಮಕ್ಕಳ ಹೆಸರನ್ನೂ ಮರೆತಂತಾಗಿದೆ.

ಪೇಯ್ ಗೋಪುರದ ಬೀದಿಗೆ ಇಳಿದರೆ ಇನ್ನೂ ಹಳೆಯ ಕನ್ನಡದ ನಂಟು ಎದುರಾಗುತ್ತದೆ. ಹೊಯ್ಸಳ ಮೂರನೆಯ ಬಲ್ಲಾಳನು ದ್ವಾರಸಮುದ್ರದ ಮೇಲೆ ದಿಲ್ಲಿಯ ದಾಳಿಗಳಾದ ಬಳಿಕ ತನ್ನ ಕಡೆಯ ವರ್ಷಗಳಲ್ಲಿ ಈ ಊರನ್ನೇ ನೆಲೆವೀಡಾಗಿಸಿಕೊಂಡಿದ್ದನು. ಹೊಯ್ಸಳ ಶಾಸನಗಳಲ್ಲಿ ಇದರ ಹೆಸರು ಉಣ್ಣಾಮಲೆ. ಮಧುರೆಯ ಸುಲ್ತಾನರೊಡನೆ ಹೋರಾಡುತ್ತ 1342-43ರ ಸುಮಾರಿನಲ್ಲಿ ಅವನು ಸೆರೆಸಿಕ್ಕಿ ಕೊಲೆಯಾದನು. ಅವನ ಶವಕ್ಕಾದ ಅವಮಾನವನ್ನು ಪ್ರವಾಸಿ ಇಬ್ನ್ ಬತೂತ ಬರೆದಿಟ್ಟಿದ್ದಾನೆ. ತಿರುವಣ್ಣಾಮಲೆಯ ಜನ ಮಾತ್ರ ಅವನನ್ನು ವಲ್ಲಾಳ ಮಹಾರಾಜನೆಂದು ನೆನೆಯುತ್ತಾರೆ. ಮಕ್ಕಳಿಲ್ಲದ ರಾಜನಿಗೆ ಅರುಣಾಚಲೇಶ್ವರನೇ ಮಗನಾದನೆಂಬುದು ಅವರ ನಂಬಿಕೆ. ಪ್ರತಿ ವರ್ಷ ಮಾಸಿ ತಿಂಗಳಿನಲ್ಲಿ ಉತ್ಸವಮೂರ್ತಿಯನ್ನು ಪಳ್ಳಿಕೊಂಡಾಪಟ್ಟಿಗೆ ಒಯ್ದು, ನದಿಯ ದಡದಲ್ಲಿ ದೇವರ ಕೈಯಿಂದಲೇ ಆ ರಾಜನಿಗೆ ತಿಥಿ ಮಾಡಿಸುವ ಪದ್ಧತಿ ಇಂದಿಗೂ ನಡೆದು ಬಂದಿದೆ. ಕನ್ನಡ ಅರಸನೊಬ್ಬನಿಗೆ ತಮಿಳು ನಾಡಿನ ದೇವರು ವರ್ಷವರ್ಷವೂ ಎಳ್ಳುನೀರು ಬಿಡುತ್ತಿದ್ದಾನೆ. ಮುಂದೆ ಕೃಷ್ಣದೇವರಾಯನು ಸಾವಿರ ಕಂಬದ ಮಂಟಪ ಕಟ್ಟಿಸಿ, 217 ಅಡಿಯ ಪೂರ್ವದ ರಾಜಗೋಪುರವನ್ನು ಆರಂಭಿಸಿದನು. ತಂಜಾವೂರಿನ ಸೇವಪ್ಪ ನಾಯಕನು ಅದನ್ನು ಪೂರೈಸಿದನು. ಶ್ರೀಶೈಲದ ಜಂಗಮರು ಬಂದದ್ದು ಅಪರಿಚಿತ ಕಾಡಿಗಲ್ಲ. ಕನ್ನಡದ ದನಿ ಆಗಲೇ ಕೇಳಿಸಿದ್ದ ಊರಿಗೆ.

ಇಲ್ಲಿಂದ ರಮಣಾಶ್ರಮದವರೆಗಿನ ರಸ್ತೆ ದೊಡ್ಡ ಪ್ರದಕ್ಷಿಣೆಯ ದಾರಿಯ ಒಂದು ತುಂಡೇ ಆಗಿದೆ. 17ನೆಯ ಶತಮಾನದ ತಮಿಳು ವೀರಶೈವ ಕವಿ ಶಿವಪ್ರಕಾಶ ಸ್ವಾಮಿಗಳು ಈ ದಾರಿಯಲ್ಲಿ ಗಿರಿಯನ್ನು ಸುತ್ತುತ್ತ ನೂರು ಪದ್ಯಗಳ ಶೋಣಶೈಲ ಮಾಲೆಯನ್ನು ಹೆಣೆದರೆಂದು ಪ್ರಸಿದ್ಧಿ. ಕಂಚಿಯಲ್ಲಿ ಹುಟ್ಟಿ, ಮಯಿಲಂ ಬೊಮ್ಮಪುರದ ವೀರಶೈವ ಮಠದ ಸಂಪರ್ಕದಲ್ಲಿ ಬೆಳೆದು, 32ನೆಯ ವಯಸ್ಸಿಗೇ ಲಿಂಗೈಕ್ಯರಾದ ಈ ಕವಿಯೇ ಚಾಮರಸನ ಪ್ರಭುಲಿಂಗಲೀಲೆಯನ್ನು ತಮಿಳಿಗೆ ತಂದವರು. ಚಾಮರಸನ 25 ಗತಿಗಳಿಗೆ ತಮಿಳಿನಲ್ಲಿಯೂ 25 ಗತಿಗಳು. ಆ ಗ್ರಂಥ ಬೆಟ್ಟದ ತಪ್ಪಲಿನಲ್ಲಿ ಎಷ್ಟು ಕಾಲ ಬದುಕಿತೆಂದರೆ, ಶ್ರೀ ರಮಣರು ತಮ್ಮ ಬಳಿ ಬಂದವರಿಗೆ ಅದರಲ್ಲಿ ಬರುವ ಅಲ್ಲಮಪ್ರಭು ಮತ್ತು ಗೋರಕ್ಷರ ಪ್ರಸಂಗವನ್ನು ಹೇಳುತ್ತಿದ್ದರು: ಗೋರಕ್ಷನ ಮೈಗೆ ಬೀಸಿದ ಕತ್ತಿ ಖಣಿಲೆಂದು ಸದ್ದು ಮಾಡುತ್ತದೆ, ಅಲ್ಲಮನ ಮೈಯಲ್ಲಿ ಅದೇ ಕತ್ತಿ ಬಯಲಿನಲ್ಲಿ ಆಡಿದಂತೆ ಹಾಯ್ದು ಹೋಗುತ್ತದೆ. ಬನವಾಸಿ, ಕಲ್ಯಾಣ, ಶ್ರೀಶೈಲಗಳಲ್ಲಿ ಸುಳಿದಾಡಿದ ಅಲ್ಲಮನ ಕಥೆಯನ್ನು ತಮಿಳಿನಲ್ಲಿ ಕೇಳುತ್ತ ಕುಳಿತವರ ಬೆನ್ನ ಹಿಂದೆ, ಗುಹೆಗಳಿಗೆ ಏರುವ ಅದೇ ಕಲ್ಲುಹಾಸಿನ ದಾರಿ ಇತ್ತು.